ಮಾಲಗಳ ನೆಲಕ್ಕೆ ಕೊಳ್ಳಿ ಇಡದ ವರ್ಷ

ಅಳಿಯನ ಮುಖವನ್ನು ಎಲ್ಸಿ ನಂಗಲ ಯಾವತ್ತೂ ನೆಟ್ಟಗೆ ನೋಡಿದವಳಲ್ಲ. ಅವನು ಅಂಗಡಿಯ ಮುಂಬಾಗಿಲಿಂದ ಒಳಗೆ ಬಂದರೆ ಇವಳು ಕೊಳ್ಳುತ್ತಿದ್ದುದನ್ನು ಅಲ್ಲೇ ಬಿಟ್ಟು ಪಕ್ಕದ ಬಾಗಿಲಿಂದ ಹೊರಗೆ. ಬೀದಿಯ ತುದಿಯಲ್ಲಿ ಅವನ ಟೊಯೋಟಾ ಧೂಳೆಬ್ಬಿಸಿದರೆ ಸಾಕು, ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರೊಬ್ಬ ಇದನ್ನು ಕಂಡು, ಮನೆಯಲ್ಲಿ ಏನೋ ದೊಡ್ಡ ಜಗಳವಾಗಿದೆ ಎಂದುಕೊಂಡಿದ್ದ. ಜಗಳವಲ್ಲ, ಮರ್ಯಾದೆ. ಆಸ್ಟ್ರೇಲಿಯಾದ ನಡುವಿನ ಈ ಮರಳುನಾಡಿನ ವಾರ್ಲ್‌ಪಿರಿ ಜನರಲ್ಲಿ ಅತ್ತೆ ಅಳಿಯ ಒಬ್ಬರಿಗೊಬ್ಬರು ಮುಖ ಕೊಡುವುದಿಲ್ಲ, ಹೆಸರೆತ್ತುವುದಿಲ್ಲ, ನೇರವಾಗಿ ಒಂದು ಮಾತೂ ಆಡುವುದಿಲ್ಲ. ಹಾಗಂತ ಹೇಳಬೇಕಾದದ್ದು ಉಳಿದುಬಿಡುತ್ತದೆಯೇ? ನಡುವೆ ಮಗಳಿದ್ದಳು.

ಮಗಳ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಸತ್ತವರ ಹೆಸರು ಹಿಡಿದು ಕರೆಯುವುದು ಇಲ್ಲಿ ಯಾರೂ ಮಾಡದ ಕೆಲಸ. ಮಗಳು ಎಂದೇ ಇರಲಿ.

ಚಳಿಗಾಲ ಬಂತೆಂದರೆ ಇವರೆಲ್ಲ ಹುಲ್ಲು ಸುಡಲು ಯರ್ಲುಪಿಗೆ ಹೊರಡುತ್ತಿದ್ದರು. ಯರ್ಲುಪಿ ಎಂದರೆ ಎಲ್ಸಿಯ ಅಪ್ಪನ ನೆಲ. ಮರಳು ಬಯಲು, ನಡುವೆ ಕೈಯಿಂದ ತೋಡಿದರೆ ನೀರು ಒಸರುವ ಒಂದು ಒರತೆ. ಅಲ್ಲಿ ಎರಡು ಒಲೆ ಹೂಡುತ್ತಿದ್ದರು. ಒಂದರ ಬಳಿ ಎಲ್ಸಿ ಮತ್ತು ಅವಳ ಅಕ್ಕ ಹೇಜಲ್, ಕೂಗಿದರೆ ಕೇಳುವಷ್ಟು ದೂರದ ಇನ್ನೊಂದರ ಬಳಿ ಅಳಿಯ ಸೈಲಸ್ ಜಕಮಾರ ಮತ್ತು ಅವನ ನಾಯಿ. ನಡುವೆ ಓಡಾಡುವುದು ಮಗಳ ಪಾಲಿಗೆ.

"ಅವ್ನಿಗೆ ಹೇಳೇ, ಬೆಳಿಗ್ಗೆ ಇಟ್ಟ ಬೆಂಕಿ ಪಡುವಣಕ್ಕೆ ಜಾಸ್ತಿ ಹೋಯ್ತು ಅಂತ. ಬೆಂಕಿ ಇಡೋದು ಅಂದ್ರೆ ಸಿಗರೇಟು ಹಚ್ಚಿ ಎಸೆಯೋದಲ್ಲ ಅನ್ನು," ಎಂದು ಎಲ್ಸಿ ಆಕಾಶಕ್ಕೆ ಹೇಳುವಂತೆ ಗಟ್ಟಿಯಾಗಿ ಹೇಳುತ್ತಿದ್ದಳು.

ಮಗಳು ಕೂತಲ್ಲಿಂದ ಏಳದೆ ಕತ್ತು ಮಾತ್ರ ತಿರುಗಿಸಿ, "ಕೇಳಿಸ್ತಾ?" ಎನ್ನುತ್ತಿದ್ದಳು.

ಆ ಕಡೆ ಒಲೆಯಿಂದ ಜಕಮಾರ ನಾಯಿಗೆ ಹೇಳುತ್ತಿದ್ದ. "ಕೇಳಿದ್ಯೇನೋ? ನಮ್ಮಿಬ್ಬರ ಕೆಲಸ ಸರಿಯಿಲ್ವಂತೆ. ನೀನೇ ಬಾಲ ಬೀಸಿ ಗಾಳಿ ಎಬ್ಬಿಸಿರ್ತೀಯ."

ಎಲ್ಸಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. "ನಾಯಿಗಾದ್ರೂ ನಾಚಿಕೆ ಇದೆ, ತಲೆ ತಗ್ಗಿಸಿಕೊಂಡಿದೆ ಅನ್ನು."

"ಅವ್ವಾ, ನಿಮ್ಮಿಬ್ಬರ ಟಪಾಲು ಹೊತ್ತು ನನ್ನ ಗಂಟಲು ಒಣಗಿತು. ಮೊದ್ಲು ಒಂದ್ ಲೋಟ ಚಾ ಕೊಡು."

ಚಾ ಕುಡಿದು ಅವಳು ಆ ಒಲೆಯಿಂದ ಸುಟ್ಟ ಮಾಂಸದ ಒಳ್ಳೆಯ ತುಂಡನ್ನು ಈ ಒಲೆಗೆ ತರುತ್ತಿದ್ದಳು. ಅತ್ತೆಗೆ ಮಾಂಸ ಕಳಿಸುವುದು ಅಳಿಯನ ಧರ್ಮ. ಯಾರು ಕಳಿಸಿದರೆಂದು ಎಲ್ಸಿ ಕೇಳುತ್ತಿರಲಿಲ್ಲ, ಮಗಳು ಹೇಳುತ್ತಿರಲಿಲ್ಲ. ಅತ್ತೆ ಅಳಿಯರ ನಡುವೆ ಎಷ್ಟು ಅಕ್ಕರೆ ಇತ್ತೆಂಬುದು ಆ ತುಂಡಿನ ಕೊಬ್ಬಿನಲ್ಲೇ ಗೊತ್ತಾಗುತ್ತಿತ್ತು.

ಎಲ್ಸಿಯ ಅಪ್ಪ ಅವಳಿಗೆ ನಾಡನ್ನು ತೋರಿಸಿದ್ದು ನೆಂಟರ ಮನೆಗಳಿಗೆ ಕರೆದೊಯ್ಯುವ ಹಾಗೆ. ಮಲ್ಗಾ ಮರಗಳ ಬಯಲು ದೊಡ್ಡ ಕೆಂಪು ಕಾಂಗರೂವಿನದು. ಮಳೆ ಎಲ್ಲಿ ಬಿತ್ತೋ ಅಲ್ಲಿಗೆ ಅದು ಸಂಸಾರ ಕಟ್ಟಿಕೊಂಡು ನಡೆಯುತ್ತದೆ. ಕಲ್ಲುಗುಡ್ಡ ದಪ್ಪ ಕತ್ತಿನ, ಒರಟು ಕೂದಲಿನ ಗುಡ್ಡಗಾಂಗರೂವಿನದು. ಬಿಸಿಲೇರಿದರೆ ಗುಹೆಯ ತಂಪು ಬಿಟ್ಟು ಕದಲುವುದಿಲ್ಲ. ಬಂಡೆಯ ಸೀಳುಗಳಲ್ಲಿ ಬಂಡೆವಾಲಬಿ ಎಂಬ ಸಣ್ಣ ಕಾಂಗರೂ, ಅದರ ಪಾದ ಉಜ್ಜಿ ಉಜ್ಜಿ ಕಲ್ಲೇ ನುಣುಪಾಗಿ ಹೊಳೆಯುತ್ತಿತ್ತು. ನೆಲ ತೋಡಿ ಬಿಲದಲ್ಲಿ ಬಾಳುವ, ಇಲಿಮೋರೆಯ ಪುಟ್ಟ ಕಾಂಗರೂ ಒಂದೂ ಇತ್ತು. ಮುಳ್ಳುಹುಲ್ಲಿನ ಮರಳು ಬಯಲು ಮಾತ್ರ ಮಾಲದ್ದು.

ಮಾಲ ಎಂದರೆ ಮೊಲದಷ್ಟೇ ಇರುವ ಕಾಂಗರೂ. ಹಗಲು ಮುಳ್ಳುಹುಲ್ಲಿನ ದೊಡ್ಡ ಗುಡ್ಡೆಯ ಬುಡದಲ್ಲಿ ಮರಳು ಕೆರೆದು ಮಲಗುತ್ತದೆ, ಕತ್ತಲಾದರೆ ಎಳೆ ಚಿಗುರು ಮೇಯುತ್ತದೆ. ಕಷ್ಟ ಇರುವುದು ಅಲ್ಲೇ. ಮಲಗಲು ಹಳೆಯ ಹುಲ್ಲು ಬೇಕು, ತಿನ್ನಲು ಸುಟ್ಟ ನೆಲದಲ್ಲಿ ಹುಟ್ಟಿದ ಹೊಸ ಹುಲ್ಲು ಬೇಕು, ಎರಡೂ ಪಕ್ಕಪಕ್ಕದಲ್ಲಿ ಬೇಕು. ಅಂಥ ನೆಲ ತಾನಾಗಿ ಆಗುವುದಿಲ್ಲ. ಚಳಿಗಾಲದಲ್ಲಿ ಯಾರಾದರೂ ಕೊಳ್ಳಿ ಹಿಡಿದು ನಡೆಯುತ್ತ, ಇಲ್ಲೊಂದು ತೇಪೆ ಅಲ್ಲೊಂದು ತೇಪೆ ಎಂದು ಸುಡುತ್ತ ಹೋಗಬೇಕು. ಹಾಗೆ ಸುಟ್ಟ ತೇಪೆಗಳೇ ಬೇಸಿಗೆಯ ದೊಡ್ಡ ಬೆಂಕಿಗೂ ತಡೆ. ಸಾವಿರಾರು ವರ್ಷ ಎಲ್ಸಿಯ ಜನ ಇದನ್ನೇ ಮಾಡುತ್ತ ಬಂದರು. ಮಾಲವನ್ನು ಬೇಟೆಯಾಡಿ ತಿಂದರು, ನಿಜ. ಅದರ ಮನೆಯನ್ನು ಮಾತ್ರ ಒಂದು ವರ್ಷವೂ ಬೀಳಗೊಡಲಿಲ್ಲ.

ಆಮೇಲೆ ದನದ ದೊಡ್ಡಿ ಕಟ್ಟುವ ಬಿಳಿಯರು ಬಂದರು. ಬೆಕ್ಕು ಬಂತು, ನರಿ ಬಂತು. ಜನರನ್ನು ಲಾರಿಯಲ್ಲಿ ತುಂಬಿ ತಂದು, ಮೈದಾ ಸಕ್ಕರೆ ಹಂಚುವ ಊರುಗಳಲ್ಲಿ ಇಳಿಸಿದರು. ಅವರ ಒಳ್ಳೆಯದಕ್ಕೇ ಎಂದರು. ನೆಲದಲ್ಲಿ ಬೆಂಕಿ ಇಡುವವರು ಯಾರೂ ಉಳಿಯಲಿಲ್ಲ. ಹುಲ್ಲು ಕೂಡಿಕೊಂಡಿತು, ಸಿಡಿಲಿಗೆ ಹೊತ್ತಿತು, ದಿನಗಟ್ಟಲೆ ಉರಿಯಿತು. ಬಿಲದ ಪುಟ್ಟದು ಹೋಯಿತು, ಬಂಡೆಯ ಹೊಳಪು ಮಾಸಿತು, ಮಾಲಗಳಿದ್ದ ಬಯಲುಗಳು ಒಂದೊಂದಾಗಿ ಬರಿದಾದವು. ಈ ದೇಶದ ನಾಣ್ಯದ ಮೇಲೆ ಕಾಂಗರೂ ಇದೆ, ಪ್ರವಾಸಿಗಳು ಕೊಳ್ಳುವ ಪಾತ್ರೆ ಒರೆಸುವ ಬಟ್ಟೆಯ ಮೇಲಿದೆ, ಊರಿನ ಅಂಗಡಿಯ ತಣ್ಣನೆ ಪೆಟ್ಟಿಗೆಯಲ್ಲಿ ಅದರ ಬಾಲ ಪ್ಲಾಸ್ಟಿಕ್ ಸುತ್ತಿಕೊಂಡು ಮಲಗಿದೆ. ಅದರ ಸಣ್ಣ ನೆಂಟರು ಎಲ್ಲಿ ಹೋದರೆಂದು ಕೇಳಿ ನೋಡಿ. ಎಷ್ಟು ಜನಕ್ಕೆ ಅವು ಇದ್ದದ್ದಾದರೂ ಗೊತ್ತು?

ಈ ಕಡೆಗೆಲ್ಲ ಮಾಲ ಉಳಿದದ್ದು ಯರ್ಲುಪಿಯಲ್ಲಿ. ಎಲ್ಸಿಯ ಅಪ್ಪ ಊರಿಂದ ತಪ್ಪಿಸಿಕೊಂಡು ನಡೆದು ಹೋಗಿ ಬೆಂಕಿ ಇಟ್ಟು ಬರುತ್ತಿದ್ದುದರಿಂದ ಉಳಿದದ್ದು. ಅವನ ಕಾಲ ಮುಗಿದ ಮೇಲೆ ಆ ಕೆಲಸ ಹಿಡಿದವರು ಎಲ್ಸಿ, ಅವಳ ಮಗಳು, ಮಗಳ ಗಂಡ.

ಇಲ್ಲೊಂದು ಕಟ್ಟಳೆ ಇದೆ. ಅಪ್ಪನ ಕಡೆಯಿಂದ ಬಂದ ನೆಲಕ್ಕೆ ಎಲ್ಸಿ ಒಡತಿ. ಆದರೆ ಒಡತಿಯಾದವಳು ಕಾವಲಿನವರ ಮಾತಿಲ್ಲದೆ ತನ್ನ ನೆಲಕ್ಕೆ ಬೆಂಕಿ ಇಡುವಂತಿಲ್ಲ. ಆ ಮನೆಯ ಹೆಣ್ಣುಮಕ್ಕಳ ಹೊಟ್ಟೆಯಲ್ಲಿ ಹುಟ್ಟಿದವರು ಆ ನೆಲದ ಕಾವಲಿನವರು. ಅವರು ಸರಿ ಎಂದರೆ ಸರಿ. ಒಡೆಯರು ನೆಲದ ಮೇಲೆ ಮನಸ್ಸಿಗೆ ಬಂದಂತೆ ಕುಣಿಯಬಾರದೆಂದು ಹಿಂದಿನವರು ಮಾಡಿದ ಏರ್ಪಾಡು, ನನ್ನನ್ನು ಕೇಳಿದರೆ ನಮ್ಮ ಎಷ್ಟೋ ಕಾನೂನುಗಳಿಗಿಂತ ಮೇಲು. ಒಂದು ನೆಲಕ್ಕೆ ಹತ್ತಾರು ಕಾವಲಿನವರು ಇರುತ್ತಿದ್ದ ಕಾಲದಲ್ಲಿ ಒಬ್ಬರು ಸತ್ತರೆ ಇನ್ನೊಬ್ಬರು ಇರುತ್ತಿದ್ದರು. ಹೇಜಲ್‌ಗೆ ಮಕ್ಕಳಿಲ್ಲ. ಯರ್ಲುಪಿಗೆ ಉಳಿದವಳು ಎಲ್ಸಿಯ ಮಗಳೊಬ್ಬಳೇ. ಅವಳಿಗೂ ಮಕ್ಕಳಾಗಲಿಲ್ಲ.

ಆ ಮಗಳ ಮೂತ್ರಪಿಂಡ ಕೆಟ್ಟಿತು. ಇಲ್ಲಿ ಯಾರದ್ದು ಕೆಟ್ಟಿಲ್ಲ? ರಕ್ತ ತೊಳೆಯುವ ಯಂತ್ರ ಇರುವುದು ಪಟ್ಟಣದಲ್ಲಿ, ಮಣ್ಣು ರಸ್ತೆಯಲ್ಲಿ ಒಂದು ಹಗಲಿನ ದಾರಿ. ವಾರಕ್ಕೆ ಮೂರು ಸಲ ಅದರ ಪಕ್ಕದಲ್ಲಿ ಮಲಗಬೇಕಾದವಳು ಊರಲ್ಲಿ ಇರುವುದು ಹೇಗೆ? ಪಟ್ಟಣದ ಒಣ ಹೊಳೆಯ ದಂಡೆಯಲ್ಲಿ, ನೆಂಟರ ಬಿಡಾರದಲ್ಲಿ ಇದ್ದಳು. ಆದರೂ ಚಳಿಗಾಲದಲ್ಲಿ ಒಮ್ಮೆ ಯಂತ್ರ ತಪ್ಪಿಸಿ ಯರ್ಲುಪಿಗೆ ಬಂದಳು. ಮುಖ ಊದಿತ್ತು. ಗಂಡನ ಜೊತೆ ಬರಿಗಾಲಲ್ಲಿ ನಡೆದು ಬೆಂಕಿ ಇಟ್ಟಳು, ಒರತೆಯ ಕೆಸರಲ್ಲಿ ಕೂತು ಕಾಲು ತಣ್ಣಗೆ ಮಾಡಿಕೊಂಡಳು. ಮಳೆಗಾಲದ ಹೊತ್ತಿಗೆ ಹೋಗಿಬಿಟ್ಟಳು. ನಲವತ್ತು ತುಂಬಿರಲಿಲ್ಲ.

ಎಲ್ಸಿ ತಲೆಗೂದಲು ಕತ್ತರಿಸಿಕೊಂಡಳು, ಹಣೆಗೆ ಬಿಳಿ ಮಣ್ಣು ಬಳಿದುಕೊಂಡಳು, ಊರಾಚೆಯ ಸೂತಕದ ಬಿಡಾರಕ್ಕೆ ಹೇಜಲ್ ಜೊತೆ ಹೋದಳು. ಮಗಳನ್ನು ಕಳೆದುಕೊಂಡ ತಾಯಿ ಮಾತಾಡುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವೂ ದಾಟುತ್ತದೆ; ಹೆಂಗಸರೆಲ್ಲ ಸೇರಿ ಅವಳ ಬಾಯಿ ಬಿಡಿಸುವ ದಿನದವರೆಗೆ ಎಲ್ಲವೂ ಕೈಸನ್ನೆಯಲ್ಲೇ. ನೀರು ಬೇಕು, ನಾಯಿ ಓಡಿಸು, ತಲೆ ನೋಯುತ್ತಿದೆ, ಯಾರು ಬಂದರು, ಎಲ್ಲಕ್ಕೂ ಬೆರಳುಗಳಿವೆ. ಆ ಬೆರಳುಗಳಲ್ಲಿ ಬೈಯಲೂಬಹುದು. ಎಲ್ಸಿ ಮಾತ್ರ ಆ ದಿನಗಳಲ್ಲಿ ಬೈಗುಳವನ್ನೂ ಬಿಟ್ಟಿದ್ದಳು.

ಜಕಮಾರ ಹೆಂಡತಿ ಬಾಳಿದ ಊರಲ್ಲಿ ಇರಲಾರದೆ ದೂರದ ತನ್ನವರ ಊರಿಗೆ ಹೋದ. ಯರ್ಲುಪಿಯನ್ನು ಮುಚ್ಚಿದರು. ಸತ್ತವಳ ಹೆಜ್ಜೆ ಇರುವ ನೆಲಕ್ಕೆ ಯಾರೂ ಕಾಲಿಡಬಾರದು. ನೆಂಟರೆಲ್ಲ ಸೇರಿ ಎಲೆಕೊಂಬೆಗಳಿಂದ ಹೆಜ್ಜೆ ಗುಡಿಸಿ, ಹೊಗೆ ಹಾಕಿದ ಮೇಲೆ ನೆಲ ತೆರೆಯುತ್ತದೆ. ಮೊದಲ ಕೊಂಬೆ ಗಂಡನದು. ಈಗ ಆದೀತು ಆಗ ಆದೀತು ಎನ್ನುವಷ್ಟರಲ್ಲಿ ಊರಲ್ಲಿ ಇನ್ನೊಂದು ಸಾವು, ಪಕ್ಕದ ಊರಲ್ಲಿ ಮತ್ತೊಂದು. ಒಂದು ಸೂತಕದ ಬಾಲ ಇನ್ನೊಂದು ಸೂತಕದ ತಲೆಗೆ ಗಂಟುಬಿದ್ದು, ಚಳಿಗಾಲ ಅರ್ಧ ಕಳೆಯಿತು.

ಪ್ರತಿ ಚಳಿಗಾಲ ಮಾಲಗಳ ಲೆಕ್ಕ ಹಾಕಲು ಪಟ್ಟಣದಿಂದ ಬರುತ್ತಿದ್ದ ವನ್ಯಜೀವಿ ಇಲಾಖೆಯ ಜಿಲಿಯನ್ ಆ ವರ್ಷವೂ ಬಂದಳು. ಒಳ್ಳೆಯ ಹೆಂಗಸು. ಬಿಡಾರದ ಹೊರಗೇ ಗಾಡಿ ನಿಲ್ಲಿಸಿ, ಕರೆಯುವವರೆಗೆ ಕಾದಳು. ನೆಲ ಮುಚ್ಚಿದೆ ಎಂದು ಹೇಜಲ್ ಹೇಳಿದಾಗ ತಲೆಯಾಡಿಸಿದಳು. ಅಂಚಿನವರೆಗಾದರೂ ಹೋಗಿ ನೋಡೋಣವೇ ಎಂದು ಕೇಳಿದಳು. ಎಲ್ಸಿ ಎದ್ದು ಗಾಡಿ ಹತ್ತಿದಳು, ಹಿಂದೆಯೇ ಹೇಜಲ್.

ಯರ್ಲುಪಿಯ ಗಡಿಯಲ್ಲಿ ಇಳಿದು ನಿಂತಾಗ ಮೂವರಿಗೂ ಕಂಡದ್ದು ಒಂದೇ. ಹಿಂದಿನ ಮಳೆ ಚೆನ್ನಾಗಿ ಬಿದ್ದಿತ್ತು. ಹಳೆಯ ತೇಪೆಗಳೆಲ್ಲ ಬೆಳೆದು ಹುಲ್ಲಿಗೆ ಹುಲ್ಲು ಕೂಡಿಕೊಂಡಿತ್ತು. ನಡುವೆ ಕಪ್ಪು ನೆಲವೇ ಇರಲಿಲ್ಲ. ಗಡಿಯ ಈಚೆಗೇ, ಮರಳಿನ ಮೇಲೆ, ಮಾಲದ ಜೋಡಿ ಪಾದದ ಗುರುತು, ನಡುವೆ ಬಾಲ ಎಳೆದ ಗೆರೆ. ಮರಿ ಹೊತ್ತ ಹೆಣ್ಣು ಎಂದು ಎಲ್ಸಿಯ ಬೆರಳು ಹೇಳಿತು.

"ನೀವು ಹೂಂ ಅಂದ್ರೆ ನಾಳೆನೇ ನಾಲ್ಕು ಜನ ಕರ್ಕೊಂಡು ಬಂದು ಸುಡ್ತೀನಿ," ಎಂದಳು ಜಿಲಿಯನ್. "ಬೇಡ ಅಂದ್ರೆ ಒಂದು ಕಡ್ಡಿನೂ ಗೀರಲ್ಲ."

ಎಲ್ಸಿ ಕೈಯಾಡಿಸಿದಳು. ಹೇಜಲ್ ಬಿಡಿಸಿ ಹೇಳಿದಳು: "ಹೇಳೋ ಮಾತು ಅವಳದ್ದಲ್ವಂತೆ. ಕಾವಲಿನವರದ್ದು."

"ಕಾವಲಿನವರು ಈಗ ಯಾರು?"

ಒಂದು ನಾಡಿಗೆ ಒಬ್ಬಳೇ ಕಾವಲಿನವಳು ಉಳಿಯುವಂತೆ ಮಾಡಿದವರು ಯಾರು ಎಂದು ಎಲ್ಸಿ ತಿರುಗಿ ಕೇಳಬಹುದಿತ್ತು. ಕೇಳಲಿಲ್ಲ. ನಾನಾಗಿದ್ದರೆ ಕೇಳುತ್ತಿದ್ದೆ.

ಗಾಡಿಯ ಕಡೆ ನಾಲ್ಕು ಹೆಜ್ಜೆ ಹೋದವಳು ನಿಂತು ಹೇಜಲ್‌ಗೆ ಸನ್ನೆ ಮಾಡಿದಳು: ಅಳಿಯನಿರುವ ಊರಿಗೆ. ಅವನೇ ಬಂದು ಹೆಜ್ಜೆ ಗುಡಿಸಿದರೆ ನೆಲ ತೆರೆಯುತ್ತದೆ. ತೆರೆದ ಮೇಲೆ ಹಿರಿಯರು ಏನಾದರೊಂದು ದಾರಿ ಕಂಡಾರು.

ಆ ಊರಿನಲ್ಲಿ ಜಕಮಾರ ತಗಡಿನ ನೆರಳಿನಡಿ ಒಬ್ಬನೇ ಕೂತಿದ್ದ. ಗಡ್ಡ ಬಿಟ್ಟಿದ್ದ, ಸೊರಗಿದ್ದ. ಹೇಜಲ್ ಮುಖ ಮುಚ್ಚಿಕೊಂಡು ಗಾಡಿಯಲ್ಲೇ ಉಳಿದಳು. ಹೆಂಡತಿಯ ದೊಡ್ಡಮ್ಮನೂ ಅತ್ತೆಯೇ, ಅವಳೂ ಅವನೊಡನೆ ಮಾತಾಡುವಂತಿಲ್ಲ. ಜಿಲಿಯನ್ ಹೋಗಿ ಕೇಳಿದಳು. "ನಂಗೇನೂ ಗೊತ್ತಿಲ್ಲ, ಮೇಡಂ," ಎಂದ ಅವನು, ಅಷ್ಟೇ. ಹೆಂಡತಿಯ ನೆಲದ ಮಾತನ್ನು ಹೊರಗಿನವಳ ಬಳಿ ಆಡುವುದು ಅವನಿಂದಾಗಲಿಲ್ಲ. ಅವಳು ಬರಿಗೈಯಲ್ಲಿ ಹಿಂದೆ ಬಂದಳು.

ಆಗ ಎಲ್ಸಿ ಇಳಿದಳು.

"ಎಲ್ಸಿ, ಎಲ್ಲಿಗೇ? ಏ, ಮಾನ ಮರ್ಯಾದೆ ಇಲ್ವೇನೇ ನಿಂಗೆ?" ಎಂದು ಹೇಜಲ್ ಗಾಡಿಯೊಳಗಿಂದ ಪಿಸುಗುಟ್ಟಿದಳು.

ಎಲ್ಸಿ ಮುಖವನ್ನು ಆಚೆ ತಿರುಗಿಸಿಕೊಂಡೇ ಅಡ್ಡಡ್ಡ ನಡೆದಳು. ಅವನ ನೆರಳಿಗೆ ಅಷ್ಟು ದೂರದಲ್ಲಿ, ಅವನಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತಳು. ಅವಮಾನಕ್ಕೆ ಕತ್ತಿನವರೆಗೂ ಬೆವರಿದ್ದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ತಂದು ಬೆರಳಾಡಿಸಿದಳು. ಒರತೆಯ ನೆಲ. ಹುಲ್ಲು ಕೂಡಿಕೊಂಡಿದೆ. ಮಾಲ, ಮರಿ ಹೊತ್ತದ್ದು. ಬೆಂಕಿ, ಸಣ್ಣದು, ಈಗ. ಬಾ.

ಜಕಮಾರ ಮುಖ ತಗ್ಗಿಸಿದ. ಆದರೆ ಬೆರಳುಗಳನ್ನು ಓದಿದ. ಕಾಲ ಬಳಿ ಮಲಗಿದ್ದ ನಾಯಿಯ ಕಿವಿ ಹಿಡಿದುಕೊಂಡ.

"ಕೇಳೋ," ಎಂದ ನಾಯಿಗೆ. "ಹೋದ ಚಳೀಲಿ ಅವಳು ಅಲ್ಲಿ ಬರಿಗಾಲಲ್ಲಿ ಓಡಾಡಿದ್ಲು. ಒರತೆ ಹತ್ರ ಜೇಡಿಮಣ್ಣು. ಪಕ್ಕದಲ್ಲೇ ಬಂಡೆ ಚಾಚಿದೆ, ಮಳೆ ಬಿದ್ರೂ ಅಲ್ಲಿಗೆ ಇರಚಲು ಬರಲ್ಲ. ಕಾಲು ಊದಿತ್ತಲ್ಲ, ಆಳಕ್ಕೆ ಒತ್ತಿದೆ. ಬೆರಳು ಬೆರಳೂ ಕಾಣುತ್ತೆ." ನಾಯಿ ಮುಖವೆತ್ತಿ ಅವನನ್ನು ನೋಡಿತು. "ಮೊದಲ ಕೊಂಬೆ ನಾನೇ ಹಿಡೀಬೇಕು ಅಂತ ಗೊತ್ತು ಕಣೋ. ಬಟ್ಟೆ ಸುಟ್ಟೆ. ಹಾಸಿಗೆ ಸುಟ್ಟೆ. ಫೋಟೋ ಕೊಟ್ಬಿಟ್ಟೆ. ಇನ್ನು ಅದೊಂದೇ ಇರೋದು. ಅದನ್ನೂ ಗುಡಿಸು ಅಂದ್ರೆ ಹೆಂಗೋ ಗುಡಿಸ್ಲಿ? ಮುಂದಿನ ಚಳೀಗೆ ಬರ್ತೀನಿ ಅಂತ ಹೇಳು. ಈ ಸಲ ಇರ್ಲಿ. ಒಂದ್ ಸಲ ಇರ್ಲಿ."

ಬೆನ್ನ ಹಿಂದಿನ ಕೈಗಳು ನಿಂತವು.

ಅವಳು ಬಾಯಿ ತೆರೆಯಬಹುದಿತ್ತು. ಎದ್ದು ತಿರುಗಿ, ಮರ್ಯಾದೆ ಮೂರಾಬಟ್ಟೆ ಮಾಡಿ, ಅವನ ಅಂಗಿ ಹಿಡಿದು ಎಳೆದು ತರಬಹುದಿತ್ತು. ಇನ್ನೊಂದು ಸಲ ಬೆರಳಾಡಿಸಿದ್ದರೂ ಸಾಕಿತ್ತೋ ಏನೋ. ಅವನು ಕರಗುವ ಮನುಷ್ಯ. ಆದರೆ ಆ ಹೆಜ್ಜೆಗಳು ಇನ್ನೂ ಅಲ್ಲಿವೆ ಎಂದು ಕೇಳಿದ ಕೂಡಲೇ ಅವಳಿಗೂ ಅವು ಬೇಕೆನಿಸಿಬಿಟ್ಟವು. ತಾನೇ ನಡೆಯಲು ಕಲಿಸಿದ ಪಾದಗಳು. ಕೈಗಳನ್ನು ಮುಂದೆ ತಂದು ಮಡಿಲಲ್ಲಿಟ್ಟುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಬಂದ ಹಾಗೆಯೇ ಅಡ್ಡಡ್ಡ ನಡೆದು ಗಾಡಿ ಸೇರಿದಳು.

"ಏನಂದ್ರು?" ಎಂದಳು ಜಿಲಿಯನ್. ಹೇಜಲ್ ತಂಗಿಯ ಕೈ ನೋಡಿ ಹೇಳಿದಳು: "ಮುಂದಿನ ವರ್ಷ."

ಜಿಲಿಯನ್ ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿ ಇವರನ್ನು ಲಾರಿಗೆ ಹತ್ತಿಸಿದವರ ಕಥೆ ಅವಳಿಗೆ ಗೊತ್ತಿತ್ತು.

ಬೇಸಿಗೆಯಲ್ಲಿ ಮಳೆಗಿಂತ ಮೊದಲು ಸಿಡಿಲು ಬಂತು. ಒಣ ಸಿಡಿಲು. ಸೂತಕದ ಬಿಡಾರದಿಂದ ನೋಡಿದರೆ ವಾಯವ್ಯದ ಆಕಾಶ ಕಂದು. ಎಲ್ಸಿ ಎದ್ದು ನಿಂತಳು, ಕೂರಲೇ ಇಲ್ಲ. ಹೇಜಲ್ ಚಾ ತಂದಿಟ್ಟಳು, ಅದರ ಮೇಲೆ ಬೂದಿ ಉದುರಿತು. ಅಷ್ಟು ಹಗುರ ಬೂದಿ ಎಲ್ಲಿಂದ ಹಾರಿ ಬರುತ್ತಿದೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ತಡೆಯಲು ತೇಪೆಗಳಿಲ್ಲದ ಬೆಂಕಿ ಯರ್ಲುಪಿಯನ್ನು ಈ ಅಂಚಿನಿಂದ ಆ ಅಂಚಿಗೆ ಒಂದೇ ಉಸಿರಿಗೆ ದಾಟಿತ್ತು.

ನೆಲ ಆರಿದ ಮೇಲೆ ಜಿಲಿಯನ್ ಕರೆದೊಯ್ದಳು. ಈಗ ಗಡಿಯಲ್ಲಿ ನಿಲ್ಲುವ ಪ್ರಶ್ನೆ ಇರಲಿಲ್ಲ, ಹೆಜ್ಜೆಗಳನ್ನು ಬೂದಿಯೇ ಮುಚ್ಚಿತ್ತು. ಒರತೆಯ ಬಳಿ ಎಲ್ಸಿ ಮೊಣಕಾಲೂರಿ ಜೇಡಿಮಣ್ಣನ್ನು ಕೈಯಿಂದ ತಡವಿದಳು. ಸುಟ್ಟು ಬಿರುಕುಬಿಟ್ಟು ಹಪ್ಪಳದಂತೆ ಎದ್ದಿತ್ತು. ಕೈಗೆ ಪುಡಿಯಾಯಿತು.

ಮಾಲಗಳೆಲ್ಲ ಬೆಂಕಿಗೇ ಸತ್ತಿರಲಿಲ್ಲ. ಬೂದಿಯ ಮೇಲೆ ಜೋಡಿ ಪಾದದ ಗುರುತುಗಳಿದ್ದವು. ಬಯಲಲ್ಲಿ ಸುತ್ತಿ ಸುತ್ತಿ, ಅಡಗಲು ಒಂದು ಹುಲ್ಲುಗುಡ್ಡೆ ಹುಡುಕಿ ಹುಡುಕಿ ಓಡಾಡಿದ್ದವು. ಅವುಗಳ ಹಿಂದೆ ಬೆಕ್ಕಿನ ಗುರುತು, ಅವಸರವೇ ಇಲ್ಲದ, ನೇರ ನಡಿಗೆ. ಮುಂದಿನ ವಾರ ಹೋದಾಗ ಬೆಕ್ಕಿನದು ಮಾತ್ರ ಇತ್ತು.

ಮಳೆ ಬಿದ್ದ ಮೇಲೆ ಹೆಂಗಸರು ಸೇರಿ ಎಲ್ಸಿಯ ಬಾಯಿ ಬಿಡಿಸಿದರು. ಏನಾದರೂ ಹೇಳು ಎಂದರು. ಹಸಿವಾಗ್ತಿದೆ ಎಂದಳು. ನಿಜವಾಗಿ ಹಸಿವಾಗಿತ್ತು, ಅದಕ್ಕೂ ನಾಚಿಕೊಂಡಳು.

ಹಿರಿಯರು ಕೂತು, ಹೆಂಡತಿಯ ಬದಲು ಜಕಮಾರನೇ ಯರ್ಲುಪಿಯ ಕಾವಲಿನ ಮಾತು ಹೇಳಲಿ ಎಂದು ತೀರ್ಮಾನ ಮಾಡಿದರು. ಒಂದು ವರ್ಷ ಮೊದಲೇ ಹೀಗೆ ಮಾಡಬಹುದಿತ್ತು ಎಂದು ಯಾರೂ ಅನ್ನಲಿಲ್ಲ. ಅನ್ನುವುದಕ್ಕೆ ಯಾರಿಗೂ ಧೈರ್ಯವಿರಲಿಲ್ಲ. ದೂರದ ಬೇಲಿಯೊಳಗೆ ಒಂದಷ್ಟು ಮಾಲಗಳನ್ನು ಸಾಕುತ್ತಿದ್ದಾರೆ, ನೆಲ ಸರಿಯಿದ್ದರೆ ಮುಂದೊಂದು ದಿನ ತಂದು ಬಿಡಬಹುದು ಎಂದು ಜಿಲಿಯನ್ ಹೇಳಿದಳು. ಯಾವಾಗ ಎಂದು ಕೇಳಿದ್ದಕ್ಕೆ ಅವಳು ಸುಳ್ಳು ಹೇಳಲಿಲ್ಲ, ಗೊತ್ತಿಲ್ಲ ಎಂದಳು.

ಮಾತು ಕೊಟ್ಟಂತೆ ಜಕಮಾರ ಚಳಿಗಾಲಕ್ಕೆ ಬಂದ. ಬೆಂಕಿಗೆ ಸಿಕ್ಕದ ಒಂದು ಅಂಚಿನಲ್ಲಿ ಹಳೆಯ ಹುಲ್ಲು ಉಳಿದಿತ್ತು. ಅವನು ಆ ಕಡೆಯಿಂದ, ಅಕ್ಕತಂಗಿಯರು ಈ ಕಡೆಯಿಂದ ಸಣ್ಣ ಸಣ್ಣ ತೇಪೆ ಸುಟ್ಟರು. ಎರಡು ಒಲೆ ಹೂಡಿದರು. ಒಲೆಗಳ ನಡುವಿನ ಒಂದು ಕುರುಚಲು ಗಿಡದ ಮೇಲೆ ಅವನು ಮಾಂಸದ ತುಂಡು ತಂದಿಟ್ಟು, ಕೆಮ್ಮಿ, ಹಿಂದೆ ಹೋದ. ಹೇಜಲ್ ಹೋಗಿ ತಂದಳು. ಕೊಬ್ಬಿನ ಭಾಗವೇ ಆಗಿತ್ತು. ಎಲ್ಸಿ ತಿಂದಳು. ಅವನ ಬೆಂಕಿ ಈ ಸಲ ಎಲ್ಲೂ ಹೆಚ್ಚು ಹೋಗಿರಲಿಲ್ಲ, ಚೆನ್ನಾಗಿ ಇಟ್ಟಿದ್ದ. ಹಾಗೆಂದು ಅವನಿಗೆ ತಿಳಿಸುವ ದಾರಿ ಅವಳಿಗೆ ಹೊಳೆಯಲಿಲ್ಲ.

ಚಳಿಗಾಲದ ಕೊನೆಗೆ ಒಂದು ಹನಿ ಮಳೆಯಾಯಿತು. ಸುಟ್ಟ ತೇಪೆಗಳಲ್ಲಿ ಎಳೆ ಚಿಗುರು ಬಂತು, ಮಾಲ ಮೇಯುವಂಥದ್ದೇ, ಮೃದುವಾಗಿ, ಮಂದವಾಗಿ. ಒಂದು ಬೆಳಿಗ್ಗೆ ನೋಡುವಷ್ಟರಲ್ಲಿ ಕಾಡು ಒಂಟೆಗಳ ಹಿಂಡು ನಿಂತು ಅದನ್ನು ತಿನ್ನುತ್ತಿತ್ತು. ಯಾರೋ ಎಂದೋ ಸಾಮಾನು ಹೊರಲು ತಂದು, ಲಾರಿ ಬಂದ ಮೇಲೆ ಬಿಟ್ಟುಹೋದ ಒಂಟೆಗಳ ಮರಿಮಕ್ಕಳು. ಹೇಜಲ್ ಕಲ್ಲು ಬೀಸಿದಳು. ಅವು ನಾಲ್ಕು ಹೆಜ್ಜೆ ಸರಿದು ಮತ್ತೆ ಮೇಯಲು ತೊಡಗಿದವು.

"ಸಾಕು ಬಾರೇ, ಮನೆಗೆ ಹೋಗೋಣ," ಎಂದಳು ಹೇಜಲ್. "ಯಾರಿಗೋಸ್ಕರ ಸುಡ್ತಿದೀವಿ?"

ಎಲ್ಸಿ ಗಾಳಿ ಯಾವ ಕಡೆಗಿದೆ ಎಂದು ಒಂದು ಹಿಡಿ ಮರಳು ಎತ್ತಿ ಬಿಟ್ಟು ನೋಡಿದಳು. ಆಮೇಲೆ ಕೊಳ್ಳಿಯನ್ನು ಊದಿ, ಇನ್ನೊಂದು ಹುಲ್ಲುಗುಡ್ಡೆಯ ಬುಡಕ್ಕೆ ಬಗ್ಗಿದಳು.